ಮನೆಯಲ್ಲಿ ಕಟ್ಟಿದ ತಗಡು ಮಡಚುವ ಸಾಧನ: ಮಡಿಕೆ ಕೆಟ್ಟಾಗ ದೋಷವನ್ನು ಎಲ್ಲಿ ಹುಡುಕಬೇಕು

ಆ್ಯಂಗಲ್ ಕಬ್ಬಿಣದ (ಎಲ್ ಆಕಾರದ ಕಬ್ಬಿಣದ) ಮೂರು ತುಂಡು, ಎರಡು ಗಟ್ಟಿ ಹಿಂಜ್ ಮತ್ತು ನಾಲ್ಕಾರು ಬೋಲ್ಟುಗಳಿದ್ದರೆ ಒಂದು ಮೀಟರ್ ಉದ್ದದ ತಗಡು ಮಡಚುವ ಸಾಧನವನ್ನು ಮನೆಯ ವರ್ಕ್‌ಶಾಪಿನಲ್ಲೇ ಕಟ್ಟಿಕೊಳ್ಳಬಹುದು. ತೊಡಕು ಎದುರಾಗುವುದು ಕಟ್ಟುವಾಗಲ್ಲ, ಕಟ್ಟಿದ ಮೇಲೆ. ಎರಡು ತುದಿಗಳಲ್ಲಿ ಮೂಲೆಮಟ್ಟಕ್ಕೆ ಸರಿಯಾಗಿ ಕೂರುವ ಮಡಿಕೆ ನಡುವೆ ಬಾಯಿ ಬಿಟ್ಟಿರುತ್ತದೆ; ಒಂದು ತುದಿ 90 ಡಿಗ್ರಿ ತಿರುಗಿದ್ದರೆ ಇನ್ನೊಂದು ತುದಿ 86ಕ್ಕೇ ನಿಂತಿರುತ್ತದೆ; ಗೆರೆ ಹಾಕಿದ್ದು ಒಂದು ಕಡೆ, ಮಡಿಕೆ ಬಿದ್ದದ್ದು ಇನ್ನೊಂದು ಕಡೆ. ಇದನ್ನು ಕಂಡ ಕೂಡಲೇ ಹೆಚ್ಚಿನವರು ಬೆಂಡಿಂಗ್ ಪಟ್ಟಿಯ ಬೆನ್ನಿಗೆ ಮತ್ತೊಂದು ಕಬ್ಬಿಣದ ತುಂಡನ್ನು ವೆಲ್ಡ್ ಮಾಡಲು ಹೊರಡುತ್ತಾರೆ. ದೋಷ ಆ ಪಟ್ಟಿಯಲ್ಲೇ ಇದ್ದರೆ ಸರಿ, ಆದರೆ ಬಹಳಷ್ಟು ಸಲ ಅದು ಕ್ಲ್ಯಾಂಪ್ ಪಟ್ಟಿಯಲ್ಲಿಯೋ ಹಿಂಜಿನ ಸ್ಥಾನದಲ್ಲಿಯೋ ಇರುತ್ತದೆ, ಮತ್ತು ಹೊಸದಾಗಿ ಹಾಕಿದ ವೆಲ್ಡ್ ಇದ್ದ ನೇರವನ್ನೂ ಕೆಡಿಸುತ್ತದೆ. ಆದ್ದರಿಂದ ಗ್ರೈಂಡರನ್ನಾಗಲಿ ವೆಲ್ಡಿಂಗ್ ಹೋಲ್ಡರನ್ನಾಗಲಿ ಕೈಗೆತ್ತಿಕೊಳ್ಳುವ ಮೊದಲು, ಕೆಟ್ಟ ಮಡಿಕೆಯನ್ನೇ ಅಳೆದು ನೋಡಿ ಕಾರಣವನ್ನು ಬೇರ್ಪಡಿಸಿಕೊಳ್ಳಬೇಕು.

ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿರುವುದು ಸಾಮಾನ್ಯವಾಗಿ ಕಟ್ಟುವ ಮಾದರಿ: 50×50×6 ಮಿ.ಮೀ. ಆ್ಯಂಗಲ್, ಒಂದು ಮೀಟರ್ ಉದ್ದ, ಎರಡೂ ತುದಿಗೆ ಒಂದೊಂದು ಹಿಂಜ್. ಮೇಜಿಗೆ ಬಿಗಿದು ತಗಡನ್ನು ಹೊರುವ ಭಾಗವನ್ನು ಬೆಡ್ ಎಂದೂ, ತಗಡನ್ನು ಮೇಲಿನಿಂದ ಒತ್ತಿ ಹಿಡಿಯುವುದನ್ನು ಕ್ಲ್ಯಾಂಪ್ ಪಟ್ಟಿ ಎಂದೂ, ಹಿಡಿಕೆ ಹಿಡಿದು ಮೇಲಕ್ಕೆ ತಿರುಗಿಸುವುದನ್ನು ಬೆಂಡಿಂಗ್ ಪಟ್ಟಿ ಎಂದೂ ಕರೆಯೋಣ. ಕೋನವೆಂದರೆ ತಗಡು ಎಷ್ಟು ಡಿಗ್ರಿ ತಿರುಗಿದೆ ಎಂಬ ಲೆಕ್ಕ.

ಮೊದಲು ಒಂದು ಪರೀಕ್ಷಾ ತುಂಡು

ಕೆಲಸದ ತಗಡಿನ ಮೇಲೆ ದೋಷ ಹುಡುಕಬಾರದು. 20 ಗೇಜಿನ, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಸಿ.ಆರ್. (ಕೋಲ್ಡ್ ರೋಲ್ಡ್, ಅಂದರೆ ಕಾಯಿಸದೆ ಉರುಳೆಯಲ್ಲಿ ಒತ್ತಿದ) ತಗಡಿನಲ್ಲಿ 100 ಮಿ.ಮೀ. ಅಗಲದ, ಸಾಧನದ ಪೂರ್ಣ ಉದ್ದದ ಪಟ್ಟಿಯೊಂದನ್ನು ಕತ್ತರಿಸಿ, ಅಂಚಿನಿಂದ 25 ಮಿ.ಮೀ. ದೂರದಲ್ಲಿ ಸ್ಕ್ರೈಬರಿನಿಂದ (ಲೋಹದ ಮೇಲೆ ಗೀಚುವ ಮೊನೆಯಿಂದ) ತೆಳುವಾಗಿ ಗೆರೆ ಎಳೆಯಿರಿ. ಗೆರೆಯನ್ನು ಬೆಡ್ಡಿನ ಅಂಚಿಗೆ ಸರಿಯಾಗಿ ಕೂರಿಸಿ, ಎಂದಿನಂತೆ ಬಿಗಿದು, ಒಂದೇ ಎಳೆತದಲ್ಲಿ ಮಡಚಿ. ಬಳಿಕ ಎರಡು ತುದಿ, ನಡು, ಮತ್ತು ಅವುಗಳ ಮಧ್ಯದ ಎರಡು ಜಾಗ, ಹೀಗೆ ಐದು ಕಡೆ ಮೂರು ಸಂಗತಿಗಳನ್ನು ನೋಡಿ ಮಾರ್ಕರಿನಿಂದ ತಗಡಿನ ಮೇಲೆಯೇ ಬರೆಯಿರಿ: ಕೋನ ಎಷ್ಟು, ಮಡಚಿದ ಅಂಚಿನ ಎತ್ತರ ಎಷ್ಟು, ಗೀಚಿದ ಗೆರೆ ಮಡಿಕೆಯ ಬಾಗಿನಲ್ಲಿದೆಯೋ ಇಲ್ಲ ಮಡಚಿದ ಅಂಚಿನ ಕಡೆಗೆ ಜರುಗಿದೆಯೋ. ಒಳಬಾಗಿನ ದುಂಡನೆಯನ್ನು ಕಣ್ಣಿನಿಂದಲೇ ಹೋಲಿಸಿ ನೋಡಿದರೆ ಸಾಕು.

ಕೋನ ನಡುವೆ ಕಡಿಮೆಯಾಗಿದ್ದು, ಅಂಚಿನ ಎತ್ತರ ಐದೂ ಕಡೆ ಒಂದೇ ಆಗಿದ್ದು, ಗೆರೆಯೂ ಕದಲದಿದ್ದರೆ ಬಗ್ಗುತ್ತಿರುವುದು ಬೆಂಡಿಂಗ್ ಪಟ್ಟಿ. ಕೋನ ನಡುವೆ ಕಡಿಮೆಯಾಗಿರುವುದರ ಜೊತೆಗೆ ಅಲ್ಲಿ ಮಡಿಕೆ ಹೆಚ್ಚು ದುಂಡಗಾಗಿದ್ದು, ಗೆರೆ ಅಂಚಿನ ಕಡೆಗೆ ಜರುಗಿದ್ದರೆ ಕ್ಲ್ಯಾಂಪ್ ಪಟ್ಟಿ ನಡುವೆ ಮೇಲೆದ್ದಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಕೋನ ಕ್ರಮೇಣ ಇಳಿಯುತ್ತ ಹೋದರೆ ಪಟ್ಟಿ ತಿರುಚಿಕೊಳ್ಳುತ್ತಿದೆ, ಇಲ್ಲವೇ ಕ್ಲ್ಯಾಂಪ್ ಪಟ್ಟಿಯ ಒಂದು ತುದಿ ಹಿಂದಕ್ಕೆ ಸರಿದಿದೆ. ಉದ್ದಕ್ಕೂ ಒಂದೇ ಸಮ ಎರಡು ಮೂರು ಡಿಗ್ರಿ ಕಡಿಮೆ ಬಂದರೆ ಅದು ಸಾಧನದ ದೋಷವೇ ಅಲ್ಲ, ತಗಡಿನ ಸ್ವಭಾವ. ಅದರ ಮಾತು ಮುಂದೆ ಬರುತ್ತದೆ. ಎರಡು ದೋಷಗಳು ಒಟ್ಟಿಗೆ ಇರುವುದೂ ಉಂಟು, ಆಗ ಕ್ಲ್ಯಾಂಪ್ ಪಟ್ಟಿಯನ್ನು ಮೊದಲು ಸರಿಪಡಿಸಿ ಹೊಸ ತುಂಡನ್ನು ಮಡಚಿ ನೋಡುವುದು ಮೇಲು, ಏಕೆಂದರೆ ಹಿಡಿತವೇ ಸರಿಯಿಲ್ಲದಾಗ ಉಳಿದ ಅಳತೆಗಳಿಗೆ ಅರ್ಥವಿರುವುದಿಲ್ಲ.

ಕ್ಲ್ಯಾಂಪ್ ಪಟ್ಟಿ ನಡುವೆ ಏಳುವುದು

ಮಡಚುವ ಹೊರೆಯೆಲ್ಲ ಬೆಂಡಿಂಗ್ ಪಟ್ಟಿಯ ಮೇಲೆ ಬೀಳುತ್ತದೆ, ಕ್ಲ್ಯಾಂಪ್ ಪಟ್ಟಿ ತಗಡನ್ನು ಸುಮ್ಮನೆ ಹಿಡಿದುಕೊಂಡರೆ ಸಾಕು ಎಂಬ ಭಾವನೆ ವ್ಯಾಪಕವಾಗಿದೆ. ಲೆಕ್ಕ ಹಾಕಿದರೆ ಅದು ತಲೆಕೆಳಗು. 250 ಮೆಗಾಪ್ಯಾಸ್ಕಲ್ ಇಳುವರಿ ಬಲದ (ಲೋಹ ಮರಳಿ ನೇರವಾಗದಂತೆ ಬಾಗತೊಡಗುವ ಒತ್ತಡ), 1 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ತಗಡನ್ನು ಒಂದು ಮೀಟರ್ ಉದ್ದಕ್ಕೆ ಮಡಚಲು ಸುಮಾರು 62 ನ್ಯೂಟನ್-ಮೀಟರ್ ತಿರುಗುಬಲ ಬೇಕು. ಮಡಚುವ ಅಂಚು 25 ಮಿ.ಮೀ. ಇದ್ದರೆ ಬೆಂಡಿಂಗ್ ಪಟ್ಟಿಯ ಪ್ರತಿ ಮಿಲಿಮೀಟರ್ ಉದ್ದದ ಮೇಲೆ 2.5 ನ್ಯೂಟನ್ ಹೊರೆ ಬೀಳುತ್ತದೆ. ಆದರೆ ಆ ಪಟ್ಟಿ ತಗಡನ್ನು ಮೇಲಕ್ಕೆ ತಳ್ಳುವಾಗ ತಗಡು ಕ್ಲ್ಯಾಂಪ್ ಪಟ್ಟಿಯ ಮೂತಿಯನ್ನೇ, ಅಂದರೆ ಅದರ ಮುಂದಿನ ಅಂಚನ್ನೇ, ಆಧಾರ ಮಾಡಿಕೊಂಡು ಸನ್ನೆಕೋಲಿನಂತೆ ತಿರುಗುತ್ತದೆ. ಮುಂದಿನಿಂದ ಬೆಂಡಿಂಗ್ ಪಟ್ಟಿಯ ಒತ್ತಡ, ಹಿಂದಿನಿಂದ ಬೆಡ್ಡಿನ ಪ್ರತಿಬಲ, ಎರಡೂ ಸೇರಿ ಮೂತಿಯ ಮೇಲೆ ಮಿಲಿಮೀಟರಿಗೆ ಸುಮಾರು 4 ನ್ಯೂಟನ್ ಮೇಲ್ಮುಖವಾಗಿ ಬರುತ್ತದೆ. ಅಂದರೆ ಹೆಚ್ಚು ಹೊರೆ ಹೊರುವುದು ಕ್ಲ್ಯಾಂಪ್ ಪಟ್ಟಿಯೇ.

ಅದಕ್ಕೆ ಅನೇಕರು ಬಳಸುವುದು 50×10 ಮಿ.ಮೀ. ಫ್ಲ್ಯಾಟ್ ಪಟ್ಟಿ, ಅದೂ ಮಲಗಿಸಿ. ಕೈಯಲ್ಲಿ ಹಿಡಿದರೆ ಅದು ಆ್ಯಂಗಲಿನಷ್ಟೇ ಭಾರವೆನಿಸುತ್ತದೆ: ಮೀಟರಿಗೆ 3.9 ಕಿಲೋ, ಆ್ಯಂಗಲಿನದು 4.5 ಕಿಲೋ. ಆದರೆ ಮೇಲೆ ಕೆಳಗೆ ಬಗ್ಗುವುದನ್ನು ತಡೆಯುವ ಶಕ್ತಿಯಲ್ಲಿ ಮಲಗಿಸಿದ ಫ್ಲ್ಯಾಟು ಆ್ಯಂಗಲಿನ 30ರಲ್ಲಿ ಒಂದು ಪಾಲಿನಷ್ಟೂ ಇರುವುದಿಲ್ಲ. ಅದೇ ಫ್ಲ್ಯಾಟನ್ನು ನಿಲ್ಲಿಸಿದರೆ ಅದರ ಗಡಸು 25 ಪಟ್ಟಾಗುತ್ತದೆ, ಏಕೆಂದರೆ ಗಡಸು ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಈಗಾಗಲೇ ಫ್ಲ್ಯಾಟನ್ನೇ ಹಾಕಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಅದರ ಬೆನ್ನಿನ ಮೇಲೆ, ಮೂತಿಯಿಂದ ಹಿಂದೆ, 40 ಅಥವಾ 50 ಮಿ.ಮೀ. ಎತ್ತರದ ಇನ್ನೊಂದು ಪಟ್ಟಿಯನ್ನು ನಿಲ್ಲಿಸಿ ಬಿಟ್ಟು ಬಿಟ್ಟು ವೆಲ್ಡ್ ಮಾಡಿದರೆ ಸಾಕು.

ಕ್ಲ್ಯಾಂಪ್ ಪಟ್ಟಿಯ ಹಿಡಿತವನ್ನು ಪರೀಕ್ಷಿಸಲು ಹಳೆಯ ದಿನಪತ್ರಿಕೆಗಿಂತ ಒಳ್ಳೆಯ ಸಾಧನವಿಲ್ಲ. ಅದರ ಕಾಗದದ ದಪ್ಪ 0.1 ಮಿ.ಮೀ.ಗಿಂತ ಕಡಿಮೆ. ಎರಡು ಬೆರಳು ಅಗಲದ ಚೂರುಗಳನ್ನು ಹರಿದು, ತಗಡಿನ ಮೇಲೆ 100 ಮಿ.ಮೀ.ಗೆ ಒಂದರಂತೆ ಇಟ್ಟು, ಅವುಗಳ ತುದಿ ಮೂತಿಯಿಂದ ಹೊರಗೆ ಇಣುಕುವಂತೆ ಮಾಡಿ ಪಟ್ಟಿಯನ್ನು ಬಿಗಿಯಿರಿ. ಈಗ ಒಂದೊಂದನ್ನೇ ಎಳೆಯಿರಿ. ತುದಿಯ ಚೂರುಗಳು ಹರಿದು ಕೈಗೆ ಬಂದು, ನಡುವಿನವು ಸಲೀಸಾಗಿ ಜಾರಿ ಬಂದರೆ ದೋಷ ಸಿಕ್ಕಿದಂತೆ.

ಇಂಥಲ್ಲಿ ತುದಿಯ ಬೋಲ್ಟುಗಳನ್ನು ಇನ್ನಷ್ಟು ಬಿಗಿಯುವುದರಿಂದ ಪ್ರಯೋಜನವಿಲ್ಲ. 12 ಮಿ.ಮೀ. ಬೋಲ್ಟನ್ನು 40 ನ್ಯೂಟನ್-ಮೀಟರಿಗೆ ಬಿಗಿದರೆ ಒಂದೊಂದು ಬೋಲ್ಟೂ ಒಂದೂವರೆ ಟನ್ನಿಗೂ ಹೆಚ್ಚು ಒತ್ತುತ್ತದೆ. ನಮಗೆ ಇಡೀ ಉದ್ದಕ್ಕೆ ಬೇಕಾದದ್ದು ಅರ್ಧ ಟನ್ನಿನೊಳಗೆ. ಕೊರತೆ ಒತ್ತಡದ್ದಲ್ಲ, ಅದು ನಡುವಿಗೆ ತಲುಪದಿರುವುದು. ಅಷ್ಟೇ ಅಲ್ಲ, ಬಿಗಿದಷ್ಟೂ ಕೆಡುವ ಸಂದರ್ಭವೊಂದಿದೆ. 600 ಮಿ.ಮೀ. ಅಗಲದ ತಗಡನ್ನು ಒಂದು ಮೀಟರಿನ ಸಾಧನದಲ್ಲಿ ಇಟ್ಟಾಗ ಬೋಲ್ಟುಗಳು ತಗಡಿನ ಅಂಚಿನಿಂದ ದೂರದಲ್ಲಿರುತ್ತವೆ. ಅವನ್ನು ಬಿಗಿದರೆ ಪಟ್ಟಿಯ ತುದಿಗಳು ಕೆಳಗಿಳಿಯುತ್ತವೆ, ತಗಡಿನ ಎರಡು ಅಂಚುಗಳು ಆಧಾರವಾಗುತ್ತವೆ, ನಡುವಿನ ಭಾಗ ಕಮಾನಿನಂತೆ ಮೇಲೇಳುತ್ತದೆ. ಅದೇ ದಪ್ಪದ ತಗಡಿನ ಎರಡು ಚೂರುಗಳನ್ನು ಬೋಲ್ಟುಗಳ ಪಕ್ಕದಲ್ಲಿ ಪಟ್ಟಿಯ ಅಡಿಗೆ ತುರುಕಿದರೆ ಈ ದೋಷ ಅಲ್ಲಿಗೇ ಮುಗಿಯುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಮೊದಲು ಮಾಡಿ ನೋಡದೆ ಬೇರೇನನ್ನೂ ಬದಲಿಸಬೇಡಿ.

ಅದಾದ ಮೇಲೂ ನಡು ಏಳುತ್ತಿದ್ದರೆ ಎರಡು ದಾರಿಗಳಿವೆ. ಪಟ್ಟಿಗೆ ಮೊದಲೇ ಸ್ವಲ್ಪ ಬಿಲ್ಲು ಕೊಡುವುದು ಒಂದು: ಬೆಡ್ಡಿನ ಮೇಲೆ ಸುಮ್ಮನೆ ಇಟ್ಟಾಗ ನಡು ತಾಗಿ, ತುದಿಗಳಲ್ಲಿ ಒಂದೊಂದು ಮಿಲಿಮೀಟರ್ ಸಂದು ಉಳಿಯಬೇಕು. ತುದಿಗಳನ್ನು ಬಿಗಿದಾಗ ಸಂದು ಮುಚ್ಚಿ, ನಡುವಿಗೇ ಮೊದಲ ಒತ್ತಡ ಬೀಳುತ್ತದೆ. ಜ್ಯಾಕ್ ಮತ್ತು ಗಟ್ಟಿ ತೊಲೆ ಇರುವವರಿಗೆ ಇದು ಸುಲಭ. ಇನ್ನೊಂದು, ಪಟ್ಟಿಯ ಬೆನ್ನಿನ ಮೇಲೆ ನಡುವೆ ಒಂದು ಗೂಟ ನಿಲ್ಲಿಸಿ, ಅದರ ಮೇಲಿಂದ 12 ಮಿ.ಮೀ. ಸರಳನ್ನು ಹಾಯಿಸಿ ಎರಡು ತುದಿಗೆ ಕಟ್ಟಿ, ನಟ್ಟಿನಿಂದ ಬಿಗಿಯುವ ವ್ಯವಸ್ಥೆ. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ತಗಡಿನ ದಪ್ಪಕ್ಕೆ ತಕ್ಕಂತೆ ನಟ್ಟನ್ನು ಅರ್ಧ ಸುತ್ತು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಬೆಂಡಿಂಗ್ ಪಟ್ಟಿಯ ಬಾಗು

ಕಾಗದದ ಪರೀಕ್ಷೆಯಲ್ಲಿ ಕ್ಲ್ಯಾಂಪ್ ಪಟ್ಟಿ ಪಾಸಾದರೆ ಆಗ ಬೆಂಡಿಂಗ್ ಪಟ್ಟಿಯನ್ನು ಶಂಕಿಸಬಹುದು. ಅದರ ಹೊರಮುಖದ ಎರಡು ತುದಿಗೂ 5 ಮಿ.ಮೀ. ದಪ್ಪದ ಚೂರುಗಳನ್ನು ಅಂಟಿಸಿ, ಅವುಗಳ ಮೇಲಿಂದ ಗಾಳದ ನೈಲಾನ್ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ. ತಗಡಿಲ್ಲದೆ ನಡುವಿನ ಸಂದನ್ನು ಅಳೆದುಕೊಂಡು, ತಗಡಿಟ್ಟು ಅರ್ಧ ಮಡಚಿ ಹಾಗೆಯೇ ಹಿಡಿದು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಪಟ್ಟಿ ಬಾಗಿದ ಪ್ರಮಾಣ. ಮೇಲೆ ಹೇಳಿದ 2.5 ನ್ಯೂಟನ್ ಹೊರೆಗೆ 50×50×6 ಆ್ಯಂಗಲ್ ಒಂದು ಮೀಟರಿನ ನಡುವೆ ಸುಮಾರು ಒಂದೂಕಾಲು ಮಿಲಿಮೀಟರ್ ಬಾಗುತ್ತದೆ. ಕೇಳಲು ಅಲ್ಪ; ಆದರೆ 25 ಮಿ.ಮೀ. ಅಂಚಿನಲ್ಲಿ ಅದು ಹತ್ತಿರ ಹತ್ತಿರ ಮೂರು ಡಿಗ್ರಿ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಅಂಚು ಕಿರಿದಾದಷ್ಟೂ ಅದೇ ತಿರುಗುಬಲಕ್ಕೆ ಹೆಚ್ಚು ಒತ್ತಡ ಬೇಕು, ಆದ್ದರಿಂದ 10 ಮಿ.ಮೀ. ಅಂಚನ್ನು ಮಡಚುವಾಗ ಅದೇ ತಗಡು ಪಟ್ಟಿಯನ್ನು ಎರಡೂವರೆ ಪಟ್ಟು ಬಾಗಿಸುತ್ತದೆ. 40 ಮಿ.ಮೀ. ಅಂಚು ಸೊಗಸಾಗಿ ಬರುತ್ತದೆ, 10 ಮಿ.ಮೀ. ಬರುವುದೇ ಇಲ್ಲ ಎಂಬ ದೂರಿಗೆ ಇದೇ ವಿವರಣೆ. ಸಾಧ್ಯವಿರುವಲ್ಲಿ ಅಂಚನ್ನು ಅಗಲವಾಗಿ ಮಡಚಿ ಆಮೇಲೆ ಕತ್ತರಿಸಿಕೊಳ್ಳುವುದು ಜಾಣತನ.

ಆ್ಯಂಗಲನ್ನು ಬಲಪಡಿಸುವುದಾದರೆ ಹಿಂದೆ ಇನ್ನೊಂದು ಆ್ಯಂಗಲನ್ನು ಅಂಚಿಗೆ ಅಂಚು ಕೂಡಿಸಿ ಚೌಕಾಕಾರದ ಪೆಟ್ಟಿಗೆ ಮಾಡುವುದು ಅತ್ಯುತ್ತಮ. ಬಾಗುವಿಕೆಗೆ ಸಿಗುವ ಲಾಭ ಎರಡೂವರೆ ಪಟ್ಟಿಗೂ ಹೆಚ್ಚು. ತಿರುಚುವಿಕೆಯ ವಿಷಯಕ್ಕೆ ಬಂದರೆ ಲಾಭ ಊಹೆಗೂ ಮೀರಿದ್ದು, ಅದನ್ನು ಮುಂದೆ ನೋಡೋಣ. ವೆಲ್ಡನ್ನು ಮಾತ್ರ ಒಂದೇ ಓಟದಲ್ಲಿ ಎಳೆಯಬಾರದು. ಒಂದು ಬದಿಗೆ ಉದ್ದಕ್ಕೂ ಹಾಕಿದ ವೆಲ್ಡ್ ಆರುವಾಗ ಕುಗ್ಗಿ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. 25 ಮಿ.ಮೀ. ವೆಲ್ಡ್, 100 ಮಿ.ಮೀ. ಖಾಲಿ, ಆ ಬದಿ ಒಂದು ಈ ಬದಿ ಒಂದು, ನಡುವಿನಿಂದ ತುದಿಗಳ ಕಡೆಗೆ, ಎಂಬ ಕ್ರಮದಲ್ಲಿ ಹೋಗಿ, ಪ್ರತಿ ಸಲವೂ ಕೈ ಇಡಬಹುದಾದಷ್ಟು ಆರಲು ಬಿಡಿ. ಹಿಂಜಾಗಲಿ ಪಟ್ಟಿಯಾಗಲಿ ಸತು ಲೇಪನದ್ದಾಗಿದ್ದರೆ ವೆಲ್ಡ್ ಬೀಳುವ ಜಾಗದ ಲೇಪನವನ್ನು ಮೊದಲು ಉಜ್ಜಿ ತೆಗೆದು, ಬಯಲಿನಲ್ಲಿ ಕೆಲಸ ಮಾಡಿ. ಸತುವಿನ ಹೊಗೆ ಜ್ವರ ತರಿಸುತ್ತದೆ.

ಇನ್ನೊಂದು ಮಾತು. ಆ್ಯಂಗಲನ್ನು 50×50×6 ಎಂದು ಹೇಳಿ ತಂದಿದ್ದರೂ ಅದು ನಿಜವಾಗಿ ಅಷ್ಟಿದೆಯೇ ಎಂದು ತೂಗಿ ನೋಡಬೇಕು. 6 ಮೀಟರಿನ ಪೂರ್ಣ ಉದ್ದ 27 ಕಿಲೋ ತೂಗಬೇಕು. 22, 23 ಕಿಲೋ ಬಂದರೆ ಅದು 5 ಮಿ.ಮೀ. ಮಾಲು, ಹಾಕಿದ ಲೆಕ್ಕವೆಲ್ಲ ಆರನೆಯ ಒಂದು ಪಾಲಿನಷ್ಟು ಸಡಿಲ. ಗುಜರಿ ಅಂಗಡಿಯ ಆ್ಯಂಗಲಾದರೆ ತೂಕದ ಜೊತೆಗೆ ನೇರವನ್ನೂ ನೋಡಿಕೊಳ್ಳಿ. ಒಂದು ತುದಿಗೆ ಕಣ್ಣಿಟ್ಟು ಅಂಚಿನ ಉದ್ದಕ್ಕೂ ದಿಟ್ಟಿಸಿದರೆ ಒಂದು ಮಿಲಿಮೀಟರ್ ಡೊಂಕೂ ಕಾಣುತ್ತದೆ.

ಒಂದು ತುದಿ ಹಿಂದೆ ಬೀಳುವುದು

ಹಿಡಿಕೆ ಒಂದೇ ಇದ್ದು, ಅದೂ ಒಂದು ತುದಿಯಲ್ಲಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ. ತೆರೆದ ಆ್ಯಂಗಲ್ ತಿರುಚುವಿಕೆಗೆ ತೀರ ದುರ್ಬಲ. 1 ಮಿ.ಮೀ. ತಗಡನ್ನು ಒಂದು ತುದಿಯ ಹಿಡಿಕೆಯಿಂದ ಮಡಚಿದರೆ ಆ ತುದಿಗೂ ಆಚೆಯ ತುದಿಗೂ ಮೂರು ಡಿಗ್ರಿಗೂ ಮಿಕ್ಕಿದ ವ್ಯತ್ಯಾಸ ಬರುತ್ತದೆ. ಎರಡು ತುದಿಗೂ ಹಿಡಿಕೆ ಹಾಕಿ ಎರಡು ಕೈಯಿಂದ ಸಮನಾಗಿ ಎತ್ತಿದರೆ ವ್ಯತ್ಯಾಸ ಕಾಲು ಭಾಗಕ್ಕೆ ಇಳಿದು, ಉಳಿದದ್ದು ನಡುವಿಗೆ ಸರಿಯುತ್ತದೆ. ಎರಡು ಆ್ಯಂಗಲ್ ಕೂಡಿಸಿ ಪೆಟ್ಟಿಗೆ ಮಾಡಿದ್ದರಂತೂ ತಿರುಚನ್ನು ತಡೆಯುವ ಗಡಸು ಲೆಕ್ಕದಲ್ಲಿ 70 ಪಟ್ಟಿಗೂ ಹೆಚ್ಚು. ಬಿಟ್ಟು ಬಿಟ್ಟು ಹಾಕಿದ ವೆಲ್ಡಿನಿಂದ ಅಷ್ಟೂ ದಕ್ಕದಿದ್ದರೂ ದೋಷ ಕಣ್ಣಿಗೆ ಕಾಣದಷ್ಟು ಕಡಿಮೆಯಾಗುತ್ತದೆ.

ಹಿಡಿಕೆ ಎರಡಿದ್ದೂ ಒಂದು ತುದಿ ಹಿಂದೆ ಬಿದ್ದರೆ ಕ್ಲ್ಯಾಂಪ್ ಪಟ್ಟಿ ಹಿಂದಕ್ಕೆ ಜರುಗುತ್ತಿದೆಯೇ ಎಂದು ನೋಡಬೇಕು. 12 ಮಿ.ಮೀ. ಬೋಲ್ಟಿಗೆ 14 ಮಿ.ಮೀ. ತೂತು ಕೊರೆದಿರುವುದು ಸಾಮಾನ್ಯ. ಬಿಗಿದಾಗ ಗಟ್ಟಿಯಾಗಿ ಕಂಡರೂ ಬೆಂಡಿಂಗ್ ಪಟ್ಟಿ 60, 70 ಡಿಗ್ರಿ ದಾಟುವಾಗ ತಗಡು ಮೂತಿಯನ್ನು ಅಡ್ಡಲಾಗಿ ತಳ್ಳಲು ತೊಡಗುತ್ತದೆ, ಆಗ ಆ ಎರಡು ಮಿಲಿಮೀಟರ್ ಸಡಿಲ ತನ್ನ ಕೆಲಸ ತೋರಿಸುತ್ತದೆ. ಬಿಗಿದ ಮೇಲೆ ಪಟ್ಟಿಯ ಎರಡು ತುದಿಯಲ್ಲೂ ಬೆಡ್ಡಿನ ಮೇಲೆ ಸೂಜಿಯಂಥ ಮೊನೆಯಿಂದ ಗೆರೆ ಎಳೆದಿಟ್ಟು, ಮಡಚಿದ ಮೇಲೆ ನೋಡಿ. ಗೆರೆಗೂ ಪಟ್ಟಿಗೂ ಸಂದು ಬಿದ್ದಿದ್ದರೆ, ಪಟ್ಟಿಯ ಹಿಂದೆ ಬೆಡ್ಡಿಗೆ ಎರಡು ಚಿಕ್ಕ ತುಂಡುಗಳನ್ನು ವೆಲ್ಡ್ ಮಾಡಿ, ಅವುಗಳಲ್ಲಿ 8 ಮಿ.ಮೀ. ಬೋಲ್ಟುಗಳನ್ನು ಕೂರಿಸಿ ಪಟ್ಟಿಯ ಬೆನ್ನಿಗೆ ಆನಿಸಿ. ತೂತನ್ನು ಮುಚ್ಚಿ ಮತ್ತೆ ಕೊರೆಯುವ ರಗಳೆ ಬೇಡ. ಈ ಆನಿಕೆ ಬೋಲ್ಟುಗಳಿಂದಲೇ ಮೂತಿಯ ಸ್ಥಾನವನ್ನು ತಗಡಿನ ದಪ್ಪಕ್ಕೆ ಹೊಂದಿಸಿಕೊಳ್ಳಲೂ ಅನುಕೂಲವಾಗುತ್ತದೆ.

ಹಿಂಜಿನ ಅಕ್ಷ

ಮಡಿಕೆ ಉದ್ದಕ್ಕೂ ಸಮನಾಗಿದೆ, ಆದರೆ ಚೂಪಾಗಿಲ್ಲ. ಅಥವಾ ತಗಡಿನ ಹೊರಮೈಮೇಲೆ ಗೀಚಿದ ಗುರುತುಗಳಿವೆ. ಅಥವಾ ಬೆಂಡಿಂಗ್ ಪಟ್ಟಿ 80 ಡಿಗ್ರಿಗೆ ಬಂದು ಕಚ್ಚಿ ನಿಲ್ಲುತ್ತದೆ. ಈ ಮೂರೂ ದೂರುಗಳ ಬೇರು ಸಾಮಾನ್ಯವಾಗಿ ಒಂದೇ. ಹಿಂಜಿನ ಪಿನ್ನಿನ ಮಧ್ಯಬಿಂದು ಬೆಡ್ಡಿನ ಮೇಲ್ಮೈಯ ಮಟ್ಟದಲ್ಲಿ, ಬೆಡ್ಡಿನ ಅಂಚಿಗೆ ಸರಿಯಾಗಿ ಇರಬೇಕು. ಪೂರಾ ತಿರುಗಿದಾಗ ಬೆಂಡಿಂಗ್ ಪಟ್ಟಿಯ ಮುಖ ಆ ಅಂಚಿನಿಂದ ನೇರವಾಗಿ ಎದ್ದು ನಿಲ್ಲಬೇಕು. ಪಿನ್ನು ಮೇಲ್ಮೈಗಿಂತ 2 ಮಿ.ಮೀ. ಮೇಲಿದ್ದರೆ 90 ಡಿಗ್ರಿಯಲ್ಲಿ ಪಟ್ಟಿಯ ಮುಖ ಅಂಚಿನಿಂದ ಅಷ್ಟೇ 2 ಮಿ.ಮೀ. ಆಚೆ ನಿಲ್ಲುತ್ತದೆ, ಜೊತೆಗೆ ತಗಡಿನ ಮೇಲೆ ಉಜ್ಜಿಕೊಂಡು ಮೇಲೆ ಸರಿದಿರುತ್ತದೆ. ಆಗ ಮಡಿಕೆ ದುಂಡಗಾಗಿ, ಹೊರಮೈಯಲ್ಲಿ ಗೀರು ಬೀಳುತ್ತದೆ. ಪಿನ್ನು ಮೇಲ್ಮೈಗಿಂತ ಕೆಳಗಿದ್ದರೆ ಪಟ್ಟಿಯ ಮೂಲೆ ಬೆಡ್ಡಿನ ಒಳಗೆ ನುಗ್ಗಲು ನೋಡಿ, ಅದಾಗದೆ ನಡುದಾರಿಯಲ್ಲಿ ಕಚ್ಚಿಕೊಳ್ಳುತ್ತದೆ. ಕಚ್ಚುವ ಜಾಗವನ್ನು ಗ್ರೈಂಡರಿನಿಂದ ಕೊರೆದು ದಾರಿ ಮಾಡುವ ಅಭ್ಯಾಸವೊಂದಿದೆ. ಅದು ಕಚ್ಚುವುದನ್ನು ತಪ್ಪಿಸಿದರೂ ಮಡಿಕೆಯನ್ನು ಸರಿಪಡಿಸುವುದಿಲ್ಲ.

ಪರೀಕ್ಷೆಗೆ ತಗಡು ಬೇಡ. ಪಟ್ಟಿಯನ್ನು ಬೆಡ್ಡಿನ ಸಮಕ್ಕೆ ಇಟ್ಟು, ಎರಡು ಮೇಲ್ಮೈಗಳಿಗೂ ಅಡ್ಡಲಾಗಿ ಸ್ಟೀಲ್ ಸ್ಕೇಲನ್ನು ಅದರ ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ಆಮೇಲೆ ಪಟ್ಟಿಯನ್ನು 90 ಡಿಗ್ರಿಗೆ ಎತ್ತಿ, ಬೆಡ್ಡಿನ ಅಂಚಿಗೂ ಪಟ್ಟಿಯ ಮುಖಕ್ಕೂ ನಡುವಿನ ಸಂದಿನಲ್ಲಿ ಫೀಲರ್ ಗೇಜ್ (ಸಂದನ್ನು ಅಳೆಯುವ ತೆಳು ಉಕ್ಕಿನ ಎಸಳು) ತೂರಿಸಿ. ಸಂದು ಎರಡು ತುದಿಯಲ್ಲೂ ಒಂದೇ ಆಗಿದ್ದು, ಅರ್ಧ ಮಿಲಿಮೀಟರಿನೊಳಗೆ ಇದ್ದರೆ ತಕರಾರಿಲ್ಲ. ಒಂದು ತುದಿಯಲ್ಲಿ ಹೆಚ್ಚಿದ್ದರೆ ಆ ಹಿಂಜು ಓರೆಯಾಗಿ ಕೂತಿದೆ. ಎರಡು ಹಿಂಜುಗಳ ಪಿನ್ನು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಪಟ್ಟಿ ತಿರುಗುವಾಗ ಎಲ್ಲೋ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಎಂದು ಕೈಗೇ ಗೊತ್ತಾಗುತ್ತದೆ. ಇದಕ್ಕೆ ಇರುವುದು ಒಂದೇ ಪರಿಹಾರ: ಒಂದು ಹಿಂಜನ್ನು ಕತ್ತರಿಸಿ ತೆಗೆದು ಮತ್ತೆ ಕೂರಿಸುವುದು. ಮತ್ತೆ ಕೂರಿಸುವಾಗ ಬೆಡ್ ಮತ್ತು ಪಟ್ಟಿಯ ನಡುವೆ ಒಂದು ಕಾಗದದ ದಪ್ಪ ಬಿಟ್ಟು ಎರಡನ್ನೂ ಸಮತಟ್ಟಾದ ಮೇಲ್ಮೈಯ ಮೇಲೆ ಕ್ಲ್ಯಾಂಪಿನಿಂದ ಬಿಗಿದು, ಹಿಂಜಿಗೆ ಸಣ್ಣ ಟ್ಯಾಕ್ (ತಾತ್ಕಾಲಿಕ ವೆಲ್ಡ್ ಚುಕ್ಕೆ) ಹಾಕಿ, ತಿರುಗಿಸಿ ನೋಡಿ, ಸರಿಯೆನಿಸಿದ ಮೇಲಷ್ಟೇ ಪೂರ್ತಿ ವೆಲ್ಡ್ ಮಾಡಬೇಕು.

ಗೇಟಿಗೆ ಹಾಕುವ ಬುಲೆಟ್ ಹಿಂಜುಗಳು ಅಗ್ಗ, ಗಟ್ಟಿ, ಎಲ್ಲೆಡೆ ಸಿಗುತ್ತವೆ. ಆದರೆ ಅವು ಗೇಟಿಗೆಂದೇ ಮಾಡಿದವು, ಒಳಗೆ ಸಡಿಲ ಇರುತ್ತದೆ. ಬೆಂಡಿಂಗ್ ಪಟ್ಟಿಯ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದಾಗ ಟಕಟಕ ಎನ್ನುತ್ತಿದ್ದರೆ ಆ ಸಡಿಲವೆಲ್ಲ ಮಡಿಕೆಯ ದುಂಡನೆಗೆ ಸೇರುತ್ತದೆ. ಸಡಿಲ ತೂತನ್ನು ಒಂದು ಅಳತೆ ದೊಡ್ಡದಾಗಿ ಕೊರೆದು, ರೀಮರ್ (ತೂತನ್ನು ನಿಖರ ಅಳತೆಗೆ ನುಣುಪು ಮಾಡುವ ಉಪಕರಣ) ಹಾಕಿ, ಅದಕ್ಕೆ ಸರಿಯಾದ ನುಣುಪು ಸರಳನ್ನು ಪಿನ್ನಾಗಿ ಬಳಸುವುದು ಅರ್ಧ ಗಂಟೆಯ ಕೆಲಸ.

ಕ್ಲ್ಯಾಂಪ್ ಪಟ್ಟಿಯ ಮೂತಿ ಬೆಡ್ಡಿನ ಅಂಚಿನಿಂದ ಎಷ್ಟು ಹಿಂದಿರಬೇಕೆಂಬುದೂ ಇದೇ ಮಾತಿಗೆ ಸೇರಿದ್ದು. ತೆಳು ತಗಡಿಗೆ ಅದರ ದಪ್ಪದಷ್ಟು, ಸಾಧನದ ಶಕ್ತಿಯ ಅಂಚಿನಲ್ಲಿರುವ ದಪ್ಪ ತಗಡಿಗೆ ಅದರ ಎರಡರಷ್ಟು ಹಿಂದಿರಲಿ. ಅಂತರ ತೀರ ಕಡಿಮೆಯಾದರೆ ತಗಡು ಮೂತಿಗೂ ಬೆಂಡಿಂಗ್ ಪಟ್ಟಿಗೂ ನಡುವೆ ಅರೆದು ತೆಳುವಾಗುತ್ತದೆ, ಹೆಚ್ಚಾದರೆ ಮಡಿಕೆ ದುಂಡಾಗುತ್ತದೆ. ಎರಡು ತುದಿಯಲ್ಲೂ ಅದೇ ದಪ್ಪದ ತಗಡಿನ ಚೂರನ್ನು ಅಳತೆಗೋಲಾಗಿಟ್ಟು ಹೊಂದಿಸಿದರೆ ಕ್ಯಾಲಿಪರ್ ಕೂಡ ಬೇಕಾಗುವುದಿಲ್ಲ.

90 ಡಿಗ್ರಿ ಬಂದೇ ಬರುವುದಿಲ್ಲ

ಹೊರೆ ತೆಗೆದೊಡನೆ ತಗಡು ಸ್ವಲ್ಪ ಹಿಂದಕ್ಕೆ ಚಿಮ್ಮುವುದು ಸಹಜ. ಇದನ್ನೇ ಸ್ಪ್ರಿಂಗ್ ಬ್ಯಾಕ್ ಎನ್ನುವುದು. ಮೈಲ್ಡ್ ಸ್ಟೀಲಿನಲ್ಲಿ ಅದು ಒಂದರಿಂದ ಮೂರು ಡಿಗ್ರಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅದಕ್ಕಿಂತ ಹೆಚ್ಚು. ಚಾವಣಿಗೆ ಹೊದಿಸುವ ಬಣ್ಣದ ತಗಡುಗಳಲ್ಲಿ 550 ಮೆಗಾಪ್ಯಾಸ್ಕಲ್ ದರ್ಜೆಯವೂ ಇರುತ್ತವೆ, ಅವು ತೆಳ್ಳಗಿದ್ದರೂ ಕೈಗೆ ಬಗ್ಗದೆ ಚಿಮ್ಮುತ್ತವೆ. ಮಡಿಕೆ ದುಂಡಾದಷ್ಟೂ ಚಿಮ್ಮುವಿಕೆ ಹೆಚ್ಚು. ಆದ್ದರಿಂದ ಸಾಧನ 95, 100 ಡಿಗ್ರಿವರೆಗೆ ತಿರುಗುವಂತಿರಬೇಕು. ಇಲ್ಲಿ ಕಟ್ಟುವಾಗಲೇ ಆಗುವ ತಪ್ಪೊಂದಿದೆ: ಕ್ಲ್ಯಾಂಪ್ ಪಟ್ಟಿಯಾಗಿ ಬಳಸಿದ ಆ್ಯಂಗಲಿನ ನಿಂತ ಭಾಗವನ್ನು ಮುಂದೆ ಮಾಡಿ ಕೂರಿಸಿದರೆ ಮಡಚಿದ ಅಂಚು ಅದಕ್ಕೆ ತಾಗಿ 90ರಲ್ಲೇ ನಿಲ್ಲುತ್ತದೆ, ಕೈ ಬಿಟ್ಟಾಗ 87ಕ್ಕೆ ಮರಳುತ್ತದೆ. ನಿಂತ ಭಾಗ ಹಿಂದಿರಬೇಕು, ಮಲಗಿದ ಭಾಗದ ಮೂತಿಯನ್ನು ಮೇಲಿನಿಂದ 45 ಡಿಗ್ರಿ ಓರೆಯಾಗಿ ಅರೆದಿರಬೇಕು.

ಮಡಿಕೆಯಲ್ಲಿ ಬಿರುಕು

ಇದಕ್ಕೆ ಸಾಧನವನ್ನು ದೂರುವಂತಿಲ್ಲ. ತಗಡು ಉರುಳೆಯಿಂದ ಬರುವಾಗ ಅದಕ್ಕೊಂದು ಎಳೆಯ ದಿಕ್ಕು ಏರ್ಪಡುತ್ತದೆ. ಮಡಿಕೆಯ ಗೆರೆ ಆ ಎಳೆಗೆ ಅಡ್ಡವಾಗಿದ್ದರೆ ತಾಳುತ್ತದೆ, ಉದ್ದಕ್ಕೆ ಹೊಂದಿಕೊಂಡಿದ್ದರೆ ಸೀಳುವ ಸಂಭವ ಹೆಚ್ಚು. ಕತ್ತರಿಸಿದ ಅಂಚಿನ ಒರಟು ಮುಳ್ಳನ್ನು ಅರದಿಂದ ಉಜ್ಜಿ ತೆಗೆಯದಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಅಲ್ಯೂಮಿನಿಯಂನಲ್ಲಿ ದರ್ಜೆಯೇ ಎಲ್ಲ: 3003 ಮತ್ತು 5052 ದರ್ಜೆಗಳು ಸುಖವಾಗಿ ಮಡಚಿಕೊಳ್ಳುತ್ತವೆ, 6061-ಟಿ6 ಚೂಪು ಮಡಿಕೆಗೆ ಒಡೆಯುತ್ತದೆ. ಅದನ್ನೇ ಬಳಸಬೇಕಾದಲ್ಲಿ ಮೂತಿಯ ಮೇಲೆ ಅರ್ಧದುಂಡು ಸರಳನ್ನೋ ಪೈಪನ್ನೋ ಕೂರಿಸಿ ಒಳದುಂಡನೆಯನ್ನು ದಪ್ಪದ ಮೂರು ಪಟ್ಟಿಗೆ ಏರಿಸಿ. ಪೆಟ್ಟಿಗೆಯ ಮೂಲೆಯಲ್ಲಿ ಎರಡು ಮಡಿಕೆಗಳು ಕೂಡುವಲ್ಲಿ ಬಿರುಕು ಬಂದರೆ, ಮಡಚುವ ಮೊದಲೇ ಆ ಬಿಂದುವಿನಲ್ಲಿ 3 ಮಿ.ಮೀ. ತೂತು ಕೊರೆಯುವುದು ಪರಿಹಾರ.

ತಗಡಿನ ಮೇಲೆ ಚುಕ್ಕೆ, ಹೊಂಡಗಳು ಬಿದ್ದರೆ ಬೆಡ್ಡಿನ ಮೇಲೆ ಉಳಿದ ವೆಲ್ಡಿನ ಹನಿಗಳನ್ನೂ ಆ್ಯಂಗಲಿನ ಕಪ್ಪು ಪದರವನ್ನೂ ತೆಗೆದುಹಾಕಿ. ಸ್ಟೇನ್‌ಲೆಸ್ ತಗಡಿನ ಪ್ಲಾಸ್ಟಿಕ್ ಹಾಳೆಯನ್ನು ಮಡಚಿದ ಮೇಲಷ್ಟೇ ಸುಲಿಯಿರಿ.

ಸಾಧನದ ಮಿತಿ

ಎಲ್ಲವನ್ನೂ ಸರಿಪಡಿಸಿದ ಮೇಲೂ 16 ಗೇಜಿನ ತಗಡು ನಡುವೆ ಬಾಯಿ ಬಿಟ್ಟರೆ ಅದು ದೋಷವಲ್ಲ. ಬೇಕಾದ ತಿರುಗುಬಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 1.6 ಮಿ.ಮೀ. ತಗಡು 1 ಮಿ.ಮೀ. ತಗಡಿನ ಎರಡೂವರೆ ಪಟ್ಟು ಬಲ ಕೇಳುತ್ತದೆ, ಪಟ್ಟಿಯನ್ನೂ ಅಷ್ಟೇ ಪಟ್ಟು ಬಾಗಿಸುತ್ತದೆ. ಅರ್ಧ ಮೀಟರಿನ ಹಿಡಿಕೆಗೆ 1 ಮಿ.ಮೀ. ತಗಡಿನಲ್ಲಿ 13 ಕಿಲೋ ತೂಕದಷ್ಟು ಎಳೆತ ಸಾಕಿದ್ದರೆ ಇಲ್ಲಿ 33 ಕಿಲೋ ಬೇಕು. ಹಿಡಿಕೆಗೆ ಪೈಪು ತೂರಿಸಿ ಉದ್ದ ಮಾಡಿದರೆ ಕೈಗೆ ಹಗುರ, ಪಟ್ಟಿಗೆ ಅಲ್ಲ. ಆದರೆ ಬಾಗುವಿಕೆ ಉದ್ದದ ನಾಲ್ಕನೆಯ ಘಾತಕ್ಕೆ ಸಂಬಂಧಿಸಿದ್ದು: ಒಂದು ಮೀಟರಿನ ಬದಲು 700 ಮಿ.ಮೀ. ಉದ್ದಕ್ಕೆ ಸಾಧನವನ್ನು ಕಟ್ಟಿದ್ದರೆ ಅದೇ ಆ್ಯಂಗಲ್ ಕಾಲು ಭಾಗದಷ್ಟು ಮಾತ್ರ ಬಾಗುತ್ತದೆ. 16 ಗೇಜಿನ ಕೆಲಸ ಆಗಾಗ ಬರುವವರು ಉದ್ದ ಸಾಧನಕ್ಕೆ ಇನ್ನಷ್ಟು ಕಬ್ಬಿಣ ಸುರಿಯುವ ಬದಲು, ಪಕ್ಕದಲ್ಲಿ 500 ಅಥವಾ 600 ಮಿ.ಮೀ.ಯ ಗಿಡ್ಡ ಸಾಧನವೊಂದನ್ನು ಬೇರೆಯಾಗಿಯೇ ಕಟ್ಟಿಕೊಂಡು, ಒಂದು ಮೀಟರಿನದನ್ನು 20 ಗೇಜ್ ಮತ್ತು ಅದಕ್ಕಿಂತ ತೆಳುವಾದ ತಗಡಿಗೆ ಮೀಸಲಿಡಲಿ.